ಪವನಿನ ಮೇಲಿನ ಎರಡು 'ಟಿ': ಪ್ರಾಚೀನ ಬ್ರಿಟನ್ನಿನ ಜನರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಕುಂದಾಪುರದ ಮೇಷ್ಟ್ರು

ನಮ್ಮ ಅಜ್ಜಿಯ ಕಾಲದ ಒಂದು ಚಿನ್ನದ ಪವನು ಮನೆಯಲ್ಲಿದೆ. ಅದರ ಮೇಲೆ ಐದನೆಯ ಜಾರ್ಜ್ ದೊರೆಯ ತಲೆಯ ಸುತ್ತ ಲ್ಯಾಟಿನ್ ಭಾಷೆಯ ಮೊಟಕು ಪದಗಳಿವೆ. ಭೂತಗನ್ನಡಿ ಹಿಡಿದು ಓದಿದಾಗ 'ಬ್ರಿಟ್' ಎಂಬ ಪದದ ಕೊನೆಯಲ್ಲಿ ಎರಡು 'ಟಿ' ಅಕ್ಷರಗಳು ಕಂಡವು. ಬ್ರಿಟಾನಿಯಾ ಎಂಬ ಹೆಸರಿನಲ್ಲಿ ಇರುವುದು ಒಂದೇ 'ಟಿ', ಎರಡು 'ಎನ್'. ತಮ್ಮದೇ ದೇಶದ ಹೆಸರನ್ನು ಟಂಕಸಾಲೆಯವರು ತಪ್ಪಾಗಿ ಅಚ್ಚು ಹಾಕಿರಲಾರರು. ಹಾಗಿದ್ದರೆ ಇದಕ್ಕೆ ಕಾರಣವೇನು?

ಇದರ ಬೆನ್ನಲ್ಲೇ ಇನ್ನೊಂದು ಪ್ರಶ್ನೆಯೂ ಇದೆ. ನಮ್ಮ ಪ್ರೌಢಶಾಲೆಯ ಗೋಡೆಪತ್ರಿಕೆಗೆ ಜೂಲಿಯಸ್ ಸೀಸರನ ಬಗ್ಗೆ ಬರೆಯುತ್ತಾ ನಾನು "ಸೀಸರನು ಬ್ರಿಟಿಷರ ಮೇಲೆ ದಂಡೆತ್ತಿ ಹೋದನು" ಎಂದು ಬರೆದಿದ್ದೆ. ಸಹೋದ್ಯೋಗಿಯೊಬ್ಬರು ಅದನ್ನು "ಆಂಗ್ಲರ ಮೇಲೆ" ಎಂದು ತಿದ್ದಿದರು. ಎರಡೂ ಸರಿಯಿಲ್ಲವೆಂದು ನನಗೆ ಅನಿಸುತ್ತಿದೆ. ರೋಮನ್ನರು ಆ ದ್ವೀಪದ ಜನರನ್ನು ಮತ್ತು ಆ ನಾಡನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ನಾಣ್ಯಪ್ರಿಯ

ಮೇಷ್ಟ್ರೇ, ಅದು ತಪ್ಪಲ್ಲ, ಬಹುವಚನದ ಗುರುತು. ಲ್ಯಾಟಿನ್ ಪದವನ್ನು ಮೊಟಕುಗೊಳಿಸುವಾಗ ಆ ಪದ ಬಹುವಚನದಲ್ಲಿದ್ದರೆ, ಉಳಿಸಿಕೊಂಡ ಕೊನೆಯ ವ್ಯಂಜನವನ್ನು ಎರಡು ಸಲ ಬರೆಯುವ ರೂಢಿ ರೋಮನ್ನರ ಕಾಲದಿಂದಲೂ ಇದೆ. ಒಬ್ಬನೇ ಚಕ್ರವರ್ತಿ ಆಳುತ್ತಿದ್ದಾಗ 'ಆಗಸ್ಟಸ್' ಎಂಬ ಬಿರುದನ್ನು ನಾಣ್ಯದ ಮೇಲೆ ಒಂದು 'ಜಿ'ಯಿಂದ ಮುಗಿಸುತ್ತಿದ್ದರು. ಇಬ್ಬರು ಜೊತೆಯಾಗಿ ಆಳಿದಾಗ ಎರಡು 'ಜಿ', ಮೂವರಾದಾಗ ಮೂರು 'ಜಿ' ಬಂದವು.

ನಿಮ್ಮ ಪವನಿನ ಮೇಲಿನ ಪೂರ್ಣ ಪಾಠ 'ಬ್ರಿಟಾನಿಯಾರುಮ್ ಓಮ್ನಿಯುಮ್ ರೆಕ್ಸ್', ಅಂದರೆ 'ಎಲ್ಲ ಬ್ರಿಟಾನಿಯಾಗಳ ಅರಸ'. ಈ 'ಎಲ್ಲ' ಎಂಬ ಪದವನ್ನು ಕಡಲಾಚೆಯ ಸೀಮೆಗಳನ್ನೂ ಒಳಗೊಳ್ಳುವುದಕ್ಕಾಗಿ ಏಳನೆಯ ಎಡ್ವರ್ಡನ ಕಾಲದಲ್ಲಿ, 1902ರ ನಾಣ್ಯಗಳಿಂದ ಸೇರಿಸಿದರು. ಅದಕ್ಕಿಂತ ಹಿಂದಿನ ವಿಕ್ಟೋರಿಯಾ ರಾಣಿಯ ಗುರಾಣಿ ಮುದ್ರೆಯ ಪವನುಗಳಲ್ಲಿ 'ಬ್ರಿಟಾನಿಯಾರುಮ್ ರೆಜಿನಾ' ಎಂದು ಪದವನ್ನು ಮೊಟಕುಗೊಳಿಸದೆ ಅಚ್ಚಾಗಿದೆ, ಅಲ್ಲಿ ಒಂದೇ 'ಟಿ' ಇದೆ. ನಿಮ್ಮ ನಾಣ್ಯದಲ್ಲಿ ಮುಂದೆ ಬರುವ 'ಇಂಡ್ ಇಂಪ್' ಎಂಬುದು 'ಇಂಡಿಯಾದ ಚಕ್ರವರ್ತಿ' ಎಂಬುದರ ಮೊಟಕು ರೂಪ.

ಕುಂದಾಪುರದ ಮೇಷ್ಟ್ರು

ಬಹಳ ಉಪಕಾರವಾಯಿತು. ಆದರೆ ಬ್ರಿಟಾನಿಯಾ ಎಂಬುದು ಒಂದೇ ದ್ವೀಪವಲ್ಲವೇ, ಅದಕ್ಕೆ ಬಹುವಚನ ಹೇಗೆ ಬಂತು?

ಶಾಸನಾಸಕ್ತೆ

ನಾಣ್ಯಪ್ರಿಯರ ವಿವರಣೆ ನಾಣ್ಯದ ಮಟ್ಟಿಗೆ ಪೂರ್ತಿ ಸರಿಯಾಗಿದೆ. ಆದರೆ ಎರಡು 'ಟಿ' ಕಂಡಲ್ಲೆಲ್ಲ ಅದು ಬಹುವಚನದ ಗುರುತೆಂದು ತಿಳಿಯಬಾರದು, ಏಕೆಂದರೆ ಲ್ಯಾಟಿನ್‌ನಲ್ಲಿ ಆ ಜನರಿಗೆ ಎರಡು ಬೇರೆ ಬೇರೆ ಹೆಸರುಗಳಿದ್ದವು. ಒಂದು ಬ್ರಿತನ್ನಿ, ಇನ್ನೊಂದು ಬ್ರಿತ್ತೋನೆಸ್. ಮೊದಲನೆಯದರಲ್ಲಿ 'ತ' ಒಂಟಿ, 'ನ' ಜೋಡಿ. ಎರಡನೆಯದರಲ್ಲಿ 'ತ' ಜೋಡಿ, 'ನ' ಒಂಟಿ.

ಕ್ರಿ.ಪೂ. 55 ಮತ್ತು 54ರಲ್ಲಿ ಎರಡು ಸಲ ಕಡಲು ದಾಟಿ ಹೋದ ಸೀಸರ್ ಬಳಸಿದ್ದು ಬ್ರಿತನ್ನಿ ಎಂಬ ರೂಪವನ್ನು. ಅದೇ ಕಾಲದ ಕವಿ ಕತುಲ್ಲಸ್ ಅವರನ್ನು ಭೂಮಿಯ ಅಂಚಿನ ಜನರೆಂಬ ಅರ್ಥದಲ್ಲಿ 'ಕಟ್ಟಕಡೆಯ ಬ್ರಿತನ್ನರು' ಎಂದು ಕರೆದಿದ್ದಾನೆ. ಇದು ಗ್ರಂಥಸ್ಥ ಲ್ಯಾಟಿನ್‌ನಲ್ಲಿ ನೆಲೆನಿಂತ ರೂಪ. ನಾಡಿಗೆ ಬ್ರಿತನ್ನಿಯಾ ಎಂಬ ಹೆಸರು ಬಂದದ್ದು ಇದರಿಂದಲೇ.

ಬ್ರಿತ್ತೋನೆಸ್ ನಮಗೆ ಸಿಗುವುದು ಕ್ರಿ.ಶ. ಒಂದನೆಯ ಶತಮಾನದ ಕೊನೆಯಿಂದ ಈಚೆಗೆ. ಮಾರ್ಷಲ್ ಎಂಬ ಕವಿ ಬಡ ಬ್ರಿತ್ತೋ ಒಬ್ಬನ ಹಳೆಯ ಇಜಾರದ ಮಾತನ್ನು ಎತ್ತುತ್ತಾನೆ. ಜುವೆನಾಲ್ ತನ್ನ ಹದಿನೈದನೆಯ ವಿಡಂಬನ ಕಾವ್ಯದಲ್ಲಿ ಎರಡು ರೂಪಗಳನ್ನೂ ಬಳಸಿದ್ದಾನೆ: ಗಾಲ್, ಅಂದರೆ ಇಂದಿನ ಫ್ರಾನ್ಸ್ ಸೀಮೆಯವರಿಂದ ವಕೀಲಿ ಕಲಿತವರು ಅವನ ಪಾಲಿಗೆ ಬ್ರಿತನ್ನಿ, ಹನ್ನೆರಡು ಹದಿಮೂರು ಸಾಲು ಕಳೆದ ಮೇಲೆ ಭಯಂಕರ ಬುಡಕಟ್ಟುಗಳ ಸಾಲಿನಲ್ಲಿ ಬರುವವರು ಬ್ರಿತ್ತೋನೆಸ್. ಇದರಿಂದ ಬ್ರಿತ್ತೋನೆಸ್ ಎಂಬುದು ಹೆಚ್ಚು ಆಡುಮಾತಿನ, ದಂಡಿನವರ ಬಾಯಲ್ಲಿದ್ದ ರೂಪವಾಗಿತ್ತೆಂದು ನಾನು ತಿಳಿಯುತ್ತೇನೆ. ಜರ್ಮನಿಯ ಓಡೆನ್‌ವಾಲ್ಡ್ ಗಡಿಯಲ್ಲಿ ರೋಮಿನ ಪರವಾಗಿ ಕಾವಲಿದ್ದ ಆ ದ್ವೀಪದವರ ದಳಗಳ ಶಾಸನಗಳಲ್ಲಿಯೂ ಕಾಣುವುದು ಬ್ರಿತ್ತೋನೆಸ್ ಎಂಬುದೇ.

ಇನ್ನು ಬಹುವಚನದ ಪ್ರಶ್ನೆ. ರೋಮನ್ ಲೇಖಕ ಹಿರಿಯ ಪ್ಲಿನಿ ಒಂದನೆಯ ಶತಮಾನದಲ್ಲಿಯೇ ಸ್ಪಷ್ಟವಾಗಿ ಹೇಳಿದ್ದಾನೆ: ದೊಡ್ಡ ದ್ವೀಪದ ಸ್ವಂತ ಹೆಸರು ಅಲ್ಬಿಯೋನ್ ಆಗಿದ್ದಾಗ, ಅಲ್ಲಿನ ಎಲ್ಲ ದ್ವೀಪಗಳನ್ನೂ ಒಟ್ಟಾಗಿ ಬ್ರಿತನ್ನಿಯೈ ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ಮುಂದೆ ಮೂರನೆಯ ಶತಮಾನದ ಆರಂಭದಲ್ಲಿ ರೋಮನ್ನರು ತಮ್ಮ ಪ್ರಾಂತವನ್ನು ಮೇಲಿನ ಮತ್ತು ಕೆಳಗಿನ ಬ್ರಿತನ್ನಿಯಾ ಎಂದು ಎರಡಾಗಿ ಒಡೆದರು; ಅದು ಆ ಬಳಿಕ ನಾಲ್ಕಾಯಿತು. ಆಗ ಬಹುವಚನ ಆಡಳಿತದ ಮಾತಾಗಿಯೂ ನಿಂತಿತು. ಐದನೆಯ ಶತಮಾನದ ಸಂತ ಪ್ಯಾಟ್ರಿಕ್ ತಾನು ತಂದೆತಾಯಿಯರ ಬಳಿಗೆ ಮರಳಿದ್ದನ್ನು ಬರೆಯುವಾಗ ತನ್ನ ತವರನ್ನು 'ಬ್ರಿತನ್ನಿಯಾಗಳಲ್ಲಿ' ಎಂದೇ ಹೇಳುತ್ತಾನೆ. ಒಬ್ಬ ಮಗ ತನ್ನ ಮನೆಯಿದ್ದ ನಾಡನ್ನು ಬಹುವಚನದಲ್ಲಿ ನೆನೆಯುವಷ್ಟು ಅದು ಸಹಜವಾಗಿತ್ತು.

ಗದಗಿನವ

ತಾವು ಎಲ್ಲ ಕಡೆ 'ಟ' ಬಿಟ್ಟು 'ತ' ಬರೆದಿದ್ದೀರಲ್ಲ, ಅದು ಕೈತಪ್ಪೇ ಅಥವಾ ಉದ್ದೇಶಪೂರ್ವಕವೇ?

ಶಾಸನಾಸಕ್ತೆ

ಉದ್ದೇಶಪೂರ್ವಕವಾಗಿಯೇ ಬರೆದಿದ್ದೇನೆ. ಲ್ಯಾಟಿನ್‌ನ ಆ ಅಕ್ಷರದ ಉಚ್ಚಾರಣೆ ದಂತ್ಯ, ನಾಲಿಗೆಯ ತುದಿ ಹಲ್ಲಿಗೆ ತಾಗುವಂಥದ್ದು. ಅದು ನಮ್ಮ 'ತ'. ನಾವು 'ಟ' ಬರೆಯುವುದು ಇಂಗ್ಲಿಷಿನ ಕಿವಿಯಿಂದ ಕೇಳಿಸಿಕೊಂಡ ಅಭ್ಯಾಸ. ಹಾಗೆಯೇ 'ಬ್ರಿಟಾನಿಯಾ' ಎಂದು ನಡುವೆ ದೀರ್ಘ ಹಾಕುವುದೂ ಅಲ್ಲಿಂದಲೇ ಬಂದದ್ದು; ಮೂಲದಲ್ಲಿ ಸ್ವರ ಹ್ರಸ್ವ, ಅದರ ಮುಂದಿನ 'ನ' ದ್ವಿತ್ವ. ಒತ್ತಕ್ಷರವಿರುವ ನಮ್ಮ ಲಿಪಿಯಲ್ಲಿ ಬ್ರಿತನ್ನಿ ಮತ್ತು ಬ್ರಿತ್ತೋನೆಸ್ ಎಂಬ ಎರಡರ ವ್ಯತ್ಯಾಸವನ್ನು ಓದುವವನ ಬಾಯಿಗೆ ನೇರವಾಗಿ ತರಬಹುದು. ಆ ಅನುಕೂಲವಿರುವಾಗ ಬಳಸದಿರುವುದು ಏಕೆ?

ಗದಗಿನವ

ನಾನು ಒಪ್ಪುವುದಿಲ್ಲ. ಓದುವವರು ಶಾಲೆಯ ಮಕ್ಕಳು. 'ಬ್ರಿಟನ್' ಎಂದು ಭೂಗೋಳದ ಪುಸ್ತಕದಲ್ಲಿ ಓದಿದ ಮಗುವಿನ ಮುಂದೆ 'ಬ್ರಿತನ್ನಿಯಾ' ಎಂದು ಇಟ್ಟರೆ ಎರಡೂ ಒಂದೇ ನಾಡೆಂಬುದು ಅದಕ್ಕೆ ಹೊಳೆಯುವುದಿಲ್ಲ. ಮೂಲದ ಉಚ್ಚಾರಣೆಯ ನಿಷ್ಠೆಯನ್ನು ಕೊನೆಯವರೆಗೂ ಪಾಲಿಸುವುದಾದರೆ ಸೀಸರನನ್ನು 'ಕೈಸರ್' ಎಂದು ಬರೆಯಬೇಕಾಗುತ್ತದೆ. ರೂಢಿಗೆ ಬಂದ ಹೆಸರುಗಳನ್ನು ರೂಢಿಗೇ ಬಿಡುವುದು ಒಳ್ಳೆಯದು.

ಮಲೆನಾಡಿನ ಹುಡುಗಿ

ಮಕ್ಕಳಿಗೆ ಬ್ರಿಟಾನಿಯಾ ಎಂಬುದು ಬಿಸ್ಕತ್ತಿನ ಪೊಟ್ಟಣದಿಂದ ಪರಿಚಿತವಾದ ಹೆಸರು ಎಂಬುದನ್ನೂ ಗಮನದಲ್ಲಿಡಬೇಕು. ಅಲ್ಲಿಂದಲೇ ಪಾಠ ಆರಂಭಿಸಿದರೆ ಅವರು ಮರೆಯಲಾರರು.

ತುಮಕೂರು ವಕೀಲ

ನನ್ನ ತಿಳಿವಳಿಕೆಯ ಪ್ರಕಾರ ಬ್ರಿಟಾನಿಯಾ ಎಂಬುದು ರೋಮನ್ನರು ಕಟ್ಟಿಕೊಟ್ಟ ಹೆಸರು, ಅಲ್ಲಿನವರು ತಮ್ಮ ನಾಡನ್ನು ಅಲ್ಬಿಯೋನ್ ಎಂದಷ್ಟೇ ಕರೆದುಕೊಳ್ಳುತ್ತಿದ್ದರು. ಗೆದ್ದವರು ಹೆಸರಿಡುವುದು, ಸೋತವರು ಅದನ್ನು ಹೊರುವುದು ಎಲ್ಲ ಕಡೆ ನಡೆದು ಬಂದದ್ದು. ಆದ್ದರಿಂದ ಪ್ರಾಚೀನ ಜನರಿಗೆ ನ್ಯಾಯ ಸಲ್ಲಿಸುವುದಾದರೆ ಅವರನ್ನು ಅಲ್ಬಿಯೋನರು ಎಂದು ಕರೆಯಬೇಕು.

ಕಾರ್ಡಿಫ್ ಕನ್ನಡಿಗ

ವಕೀಲರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಈ ಹೆಸರು ರೋಮನ್ನರು ಕಟ್ಟಿದ್ದಲ್ಲ. ನಾನು ಕೆಲಸದ ನಿಮಿತ್ತ ವೇಲ್ಸ್‌ನಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಇಲ್ಲಿನ ಸರ್ಕಾರಿ ಕಾಗದಗಳಲ್ಲಿ ಇಂಗ್ಲಿಷಿನ ಜೊತೆಗೆ ವೆಲ್ಷ್ ಭಾಷೆಯೂ ಇರುತ್ತದೆ, ಗ್ರೇಟ್ ಬ್ರಿಟನ್ ಎಂಬುದಕ್ಕೆ ಅಲ್ಲಿ 'ಪ್ರಿಡೈನ್ ವೌರ್' ಎಂದು ಬರೆದಿರುತ್ತಾರೆ. ಮೊದಮೊದಲು 'ಬ್ರಿಟನ್' ಎಂಬುದನ್ನು ಇವರು ತಮ್ಮ ನಾಲಿಗೆಗೆ ಹೊಂದಿಸಿಕೊಂಡಿದ್ದಾರೆಂದು ನಾನು ತಿಳಿದಿದ್ದೆ. ವಿಚಾರಿಸಿ ಓದಿಕೊಂಡ ಮೇಲೆ ಸಂಗತಿ ತಲೆಕೆಳಗಾಯಿತು: 'ಪ'ಕಾರದ ರೂಪವೇ ಹಳೆಯದು, ಲ್ಯಾಟಿನ್‌ನ 'ಬ'ಕಾರ ಅದರ ಬದಲಾದ ರೂಪ.

ಮಸ್ಸಾಲಿಯಾ, ಅಂದರೆ ಇಂದಿನ ಮಾರ್ಸೇಲ್ ಪಟ್ಟಣದ ಗ್ರೀಕ್ ನಾವಿಕ ಪಿಥಿಯಸ್ ಕ್ರಿ.ಪೂ. ಸುಮಾರು 325ರಲ್ಲಿ ಈ ದ್ವೀಪಗಳ ಕಡೆಗೆ ಬಂದಿದ್ದನು. ಅವನ ಪುಸ್ತಕ ಉಳಿದಿಲ್ಲ, ಆದರೆ ಅವನಿಂದ ವಿಷಯ ಪಡೆದ ಹಿಂದಿನವರ ಆಧಾರದಲ್ಲಿ ಬರೆದ ಗ್ರೀಕ್ ಲೇಖಕರಾದ ಸ್ಟ್ರಾಬೋ ಮತ್ತು ಡಿಯೋಡೋರಸ್ ಗ್ರಂಥಗಳಲ್ಲಿ 'ಪ್ರೆಟ್ಟನಿಕೆ' ಎಂಬ 'ಪ'ಕಾರದ ರೂಪ ಕಾಣುತ್ತದೆ. ಸೀಸರನಿಗಿಂತ ಸುಮಾರು 270 ವರ್ಷ ಮೊದಲು, ರೋಮಿನ ಒಬ್ಬ ಸೈನಿಕನೂ ಇತ್ತ ಕಾಲಿಡದಿದ್ದಾಗ, ಗ್ರೀಕನೊಬ್ಬನು ಸ್ಥಳೀಯರ ಬಾಯಿಂದ, ಇಲ್ಲವೇ ಎದುರು ದಂಡೆಯ ಗಾಲ್ ಜನರ ಬಾಯಿಂದ ಕೇಳಿ ಬರೆದುಕೊಂಡ ಹೆಸರಿದು. ಮೂಲ ರೂಪವನ್ನು ಭಾಷಾವಿಜ್ಞಾನಿಗಳು 'ಪ್ರಿಟನಿ' ಎಂದು ಊಹಿಸುತ್ತಾರೆ. ಅದರ ಮೊಮ್ಮಗನಂತಿರುವ 'ಪ್ರಿಡೈನ್' ಇಂದಿಗೂ ನನ್ನ ನೆರೆಮನೆಯವರ ಮಾತಿನಲ್ಲಿ ಜೀವಂತವಾಗಿದೆ.

ಅಲ್ಬಿಯೋನ್ ಕೂಡ ಸ್ಥಳೀಯವೇ. ಲ್ಯಾಟಿನ್‌ನಲ್ಲಿ 'ಆಲ್ಬಸ್' ಎಂದರೆ ಬಿಳಿ, ಡೋವರಿನ ಸುಣ್ಣದ ಬಂಡೆಗಳು ಬಿಳಿ, ಆದ್ದರಿಂದ ಅಲ್ಬಿಯೋನ್ ಎಂಬ ವಿವರಣೆ ಬಹಳ ಜನಪ್ರಿಯ. ಆದರೆ ವೆಲ್ಷ್ ಭಾಷೆಯಲ್ಲಿ 'ಎಲ್ವಿದ್' ಎಂಬ ಹಳೆಯ ಪದಕ್ಕೆ ಲೋಕ, ಭೂಮಿ ಎಂಬ ಅರ್ಥವಿದೆ, ಅನೇಕ ವಿದ್ವಾಂಸರು ಅಲ್ಬಿಯೋನನ್ನು ಅದರೊಂದಿಗೆ ಜೋಡಿಸುತ್ತಾರೆ. ತಮ್ಮ ನೆಲವನ್ನು 'ಲೋಕ' ಎಂದೇ ಕರೆದುಕೊಂಡ ಜನ ಎಂಬ ಅರ್ಥ ನನಗೆ ಬಂಡೆಯ ಬಣ್ಣಕ್ಕಿಂತ ಹತ್ತಿರವೆನಿಸುತ್ತದೆ.

ತುಮಕೂರು ವಕೀಲ

ಹಾಗಾದರೆ ನನ್ನ ವಾದದ ಅರ್ಧ ಭಾಗವನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಆ ಜನ ತಮ್ಮನ್ನು ತಾವು ಬ್ರಿತನ್ನರು ಎಂದು ಹೇಳಿಕೊಂಡ ದಾಖಲೆ ಇದೆಯೇ?

ಶಾಸನಾಸಕ್ತೆ

ಬಹಳ ಸರಿಯಾದ ಪ್ರಶ್ನೆ. ಸಾಮಾನ್ಯವಾಗಿ ಅವರು ಹೇಳಿಕೊಂಡದ್ದು ಬುಡಕಟ್ಟಿನ ಹೆಸರನ್ನು. ಇಂಗ್ಲೆಂಡಿನ ಈಶಾನ್ಯದ ಸೌತ್ ಶೀಲ್ಡ್ಸ್‌ನಲ್ಲಿ ಎರಡನೆಯ ಶತಮಾನದ ಒಂದು ಸಮಾಧಿಶಿಲೆ ಸಿಕ್ಕಿದೆ. ಸಿರಿಯಾದ ಪಾಲ್ಮೈರಾ ನಗರದ ಬರಾಟೆಸ್ ಎಂಬವನು ತಾನು ದಾಸ್ಯದಿಂದ ಬಿಡಿಸಿ ಮದುವೆಯಾಗಿದ್ದ ರೆಜಿನಾ ಎಂಬವಳಿಗೆ ಹಾಕಿಸಿದ ಕಲ್ಲು ಅದು. ಲ್ಯಾಟಿನ್ ಪಾಠದ ಕೆಳಗೆ ಅವನು ತನ್ನ ಊರಿನ ಲಿಪಿಯಲ್ಲಿಯೂ ಒಂದು ಸಾಲನ್ನು ಕೆತ್ತಿಸಿ ದುಃಖ ತೋಡಿಕೊಂಡಿದ್ದಾನೆ. ಅವಳ ಕುಲವನ್ನು ಹೇಳುವಾಗ 'ಬ್ರಿತನ್ನಾ' ಎನ್ನದೆ 'ಕತುವಲ್ಲೌನಾ' ಎಂದಿದೆ. ಅದು ದಕ್ಷಿಣ ಇಂಗ್ಲೆಂಡಿನ ಒಂದು ಬುಡಕಟ್ಟು. ನಮ್ಮ ವೀರಗಲ್ಲುಗಳನ್ನು ಓದಿ ಅಭ್ಯಾಸವಿರುವವರಿಗೆ ಇದು ಹೊಸದೆನಿಸದು: ಕಲ್ಲು ಊರನ್ನೂ ಮನೆತನವನ್ನೂ ಹೇಳುತ್ತದೆ, ಇಡೀ ನಾಡಿನ ಹೆಸರಿನ ಅಗತ್ಯ ಅಲ್ಲಿ ಬೀಳುವುದಿಲ್ಲ.

ಹೊರಗಿನವರು ಕರೆದದ್ದು ಬೇರೆ, ಕೆಲವೊಮ್ಮೆ ಕೀಳಾಗಿ ಕರೆದದ್ದೂ ಉಂಟು. ಹೇಡ್ರಿಯನ್ ಗೋಡೆಯ ಸಮೀಪದ ವಿಂಡೋಲಾಂಡಾ ಕೋಟೆಯಲ್ಲಿ ಸಿಕ್ಕ ತೆಳುವಾದ ಮರದ ಹಾಳೆಗಳ ಪತ್ರಗಳಲ್ಲಿ ಒಂದು, ಕ್ರಿ.ಶ. 100ರ ಆಸುಪಾಸಿನದು, ಸ್ಥಳೀಯರ ಯುದ್ಧಕ್ರಮವನ್ನು ವರ್ಣಿಸುತ್ತದೆ: ಅವರಲ್ಲಿ ಕುದುರೆ ಸವಾರರು ಬಹಳ, ಸವಾರರು ಕತ್ತಿ ಬಳಸುವುದಿಲ್ಲ, ಈಟಿ ಎಸೆಯುವುದಕ್ಕೆ ಕುದುರೆಯ ಮೇಲೆ ನೆಲೆಯಾಗಿ ಕೂರುವುದೂ ಇಲ್ಲ. ಮೊದಲು ಅವರನ್ನು ಬ್ರಿತ್ತೋನೆಸ್ ಎಂದ ಬರೆಹಗಾರ ಮುಂದಿನ ಸಾಲಿನಲ್ಲಿ 'ಬ್ರಿತ್ತುಂಕುಲಿ' ಎಂದು ಬಿಡುತ್ತಾನೆ. ಅದು ಅಲ್ಪಾರ್ಥದ ರೂಪ, 'ಕ್ಷುದ್ರ ಬ್ರಿತ್ತೋಗಳು' ಎಂಬಷ್ಟು ತಿರಸ್ಕಾರ ಅದರಲ್ಲಿದೆ. ದೂರದ ದಂಡಿನ ಪಾಳೆಯದಲ್ಲಿ ಕುಳಿತವನ ಆ ಒಂದು ಪ್ರತ್ಯಯದಲ್ಲಿ ಆಳುವವರ ಮನಸ್ಸು ಎಷ್ಟು ತೆರೆದುಕೊಳ್ಳುತ್ತದೆ ಎಂಬುದು ನನ್ನನ್ನು ಬಹಳ ಕಾಡಿದೆ.

ಹಳಗನ್ನಡ ಓದುಗ

ಕಾರ್ಡಿಫ್ ಕನ್ನಡಿಗರು ಹೇಳಿದ 'ಪ'ಕಾರ ಮತ್ತು 'ಬ'ಕಾರದ ವಿಷಯ ಕುತೂಹಲಕರವಾಗಿದೆ. ನಮ್ಮಲ್ಲಿ 'ಪಾಲ್' ಹಾಲಾದಂತೆ, 'ಪುಲಿ' ಹುಲಿಯಾದಂತೆ ಅಲ್ಲಿ ಪ್ರಿಟನಿ ಬ್ರಿತನ್ನಿ ಆಯಿತೆಂದು ತಿಳಿಯಬಹುದೇ?

ಶಾಸನಾಸಕ್ತೆ

ಹಾಗೆ ತಿಳಿಯಲಾಗದು. 'ಪಾಲ್' ಹಾಲಾದದ್ದು ಒಂದೇ ಭಾಷೆಯೊಳಗೆ ಕಾಲಕ್ರಮದಲ್ಲಿ, ಸಾವಿರಾರು ಪದಗಳಲ್ಲಿ ಸಾಲಾಗಿ ನಡೆದ ಬದಲಾವಣೆ. ಪ್ರಿಟನಿ ಬ್ರಿತನ್ನಿ ಆದದ್ದು ಒಂದು ಭಾಷೆಯ ಹೆಸರು ಇನ್ನೊಂದು ಭಾಷೆಯ ಬಾಯಿಗೆ ದಾಟುವಾಗ ಒಂದೇ ಪದದಲ್ಲಿ ಆದ ವ್ಯತ್ಯಾಸ.

ಆದರೆ ನೀವು ಹುಡುಕುತ್ತಿರುವಂಥ ಕ್ರಮಬದ್ಧವಾದ ಹೊಂದಾಣಿಕೆ ಬೇರೊಂದು ಕಡೆ ಇದೆ. ನಮ್ಮ 'ಕಿವಿ' ತಮಿಳಿನಲ್ಲಿ 'ಚೆವಿ', ನಮ್ಮ 'ಗೆಯ್' ಅಲ್ಲಿ 'ಚೆಯ್' ಆಗಿರುವಂತೆ, ವೆಲ್ಷ್ ಭಾಷೆಯ 'ಪ'ಕಾರ ಐರಿಷ್‌ನಲ್ಲಿ ಕ್ರಮವಾಗಿ 'ಕ'ಕಾರವಾಗಿರುತ್ತದೆ. ತಲೆಗೆ ವೆಲ್ಷ್ ಭಾಷೆಯಲ್ಲಿ 'ಪೆನ್', ಐರಿಷ್ ಭಾಷೆಯಲ್ಲಿ 'ಕ್ಯನ್'. ನಾಲ್ಕಕ್ಕೆ ವೆಲ್ಷ್ ಭಾಷೆಯಲ್ಲಿ 'ಪೆದ್ವಾರ್', ಐರಿಷ್ ಭಾಷೆಯಲ್ಲಿ 'ಕ್ಯಾಹಿರ್'. ಇದೇ ಸೂತ್ರದಿಂದ ಪ್ರಿಟನಿ ಎಂಬುದರ ಬಂಧುವಾದ ಐರಿಷ್ ರೂಪ ಸಿಗುತ್ತದೆ, ಅದು 'ಕ್ರುಯಿಥ್ನಿ'. ಹಳೆಯ ಐರಿಷ್ ಬರಹಗಳಲ್ಲಿ ಅದು ಇಂದಿನ ಸ್ಕಾಟ್ಲೆಂಡಿನ ಪಿಕ್ಟ್ ಜನರ ಹೆಸರು. ಎರಡು ಭಾಷೆಗಳು ಒಂದೇ ಹೆಸರನ್ನು ತಮ್ಮ ತಮ್ಮ ಧ್ವನಿಯಲ್ಲಿ ಇಟ್ಟುಕೊಂಡಿರುವುದರಿಂದ ಆ ಹೆಸರು ರೋಮನ್ನರಿಗಿಂತ ಬಹಳ ಹಿಂದಿನದೆಂಬುದು ದೃಢವಾಗುತ್ತದೆ.

ನಾಣ್ಯಪ್ರಿಯ

ಬ್ರಿತನ್ನಿ ಎಂದರೆ 'ಮೈಗೆ ಬಣ್ಣ ಬಳಿದವರು' ಎಂಬ ಅರ್ಥವನ್ನು ನಾನು ಹಲವು ಕಡೆ ಓದಿದ್ದೇನೆ. ಬ್ರಿತನ್ನರೆಲ್ಲರೂ 'ವಿತ್ರುಮ್' ಎಂಬುದರಿಂದ ಮೈಗೆ ನೀಲಿ ಬಣ್ಣ ಹಚ್ಚಿಕೊಳ್ಳುತ್ತಾರೆ, ಇದರಿಂದ ಯುದ್ಧದಲ್ಲಿ ನೋಡಲು ಭಯಂಕರವಾಗಿ ಕಾಣುತ್ತಾರೆ ಎಂದು ಸೀಸರನೂ ಬರೆದಿದ್ದಾನಲ್ಲವೇ?

ಕಾರ್ಡಿಫ್ ಕನ್ನಡಿಗ

ಸೀಸರ್ ಹಾಗೆ ಬರೆದದ್ದು ನಿಜ. ವಿತ್ರುಮ್ ಎಂಬುದನ್ನು ಸಾಮಾನ್ಯವಾಗಿ ವೋಡ್ ಎಂಬ ಹಳದಿ ಹೂವಿನ ಗಿಡವೆಂದು ಅರ್ಥ ಮಾಡುತ್ತಾರೆ. ಅದರ ಎಲೆಯಿಂದ ಬರುವ ನೀಲಿ, ನಮ್ಮ ನೀಲಿ ಗಿಡದಿಂದ ತೆಗೆಯುವ ಬಣ್ಣದ ದ್ರವ್ಯವೇ. ಆದರೆ ಹೆಸರಿನ ಅರ್ಥಕ್ಕೂ ಈ ಬಣ್ಣಕ್ಕೂ ನೇರ ಸಂಬಂಧ ಕಲ್ಪಿಸುವಾಗ ಎಚ್ಚರ ಬೇಕು. ವೆಲ್ಷ್‌ನಲ್ಲಿ 'ಪ್ರಿಡ್', ಹಳೆಯ ಐರಿಷ್‌ನಲ್ಲಿ 'ಕ್ರುಥ್' ಎಂದರೆ ರೂಪ, ಆಕಾರ. ಪ್ರಿಟನಿ ಈ ಧಾತುವಿಗೆ ಸೇರಿದ್ದೆಂಬುದು ಬಹುಮಟ್ಟಿಗೆ ಒಪ್ಪಿತವಾದ ಮಾತು. ಆ 'ರೂಪ' ಎಂಬುದನ್ನು ಮೈಮೇಲಿನ ಚಿತ್ತಾರ, ಹಚ್ಚೆ ಎಂದು ಮುಂದುವರಿಸುವುದು ಒಂದು ಊಹೆ, ಅಷ್ಟೇ.

ನೇರವಾಗಿ 'ಬಣ್ಣ ಬಳಿದವರು' ಎಂಬ ಅರ್ಥ ಕೊಡುವ ಲ್ಯಾಟಿನ್ ಹೆಸರು 'ಪಿಕ್ತಿ', ಅದು ಮೊದಲು ಕಾಣಿಸಿಕೊಳ್ಳುವುದು ಕ್ರಿ.ಶ. 297ರ ಒಂದು ರಾಜಪ್ರಶಸ್ತಿಯಲ್ಲಿ, ಉತ್ತರದಲ್ಲಿ ರೋಮಿನ ಆಳ್ವಿಕೆಗೆ ಒಳಪಡದೆ ಉಳಿದವರನ್ನು ಕುರಿತು. ಎರಡು ಹೆಸರುಗಳ ಕಥೆಯನ್ನು ಒಂದಕ್ಕೇ ಕಟ್ಟುವುದರಿಂದ ಈ ಗೊಂದಲ ಹುಟ್ಟಿದೆ.

ಹಳಗನ್ನಡ ಓದುಗ

ಹೆಸರಿಗೆ ಅರ್ಥ ಹಚ್ಚುವ ಇಂಥ ಪ್ರಯತ್ನಗಳು ಹಿಂದೆಯೂ ನಡೆದಿವೆ. ಏಳನೆಯ ಶತಮಾನದ ಸೆವಿಲ್ಲೆಯ ಇಸಿಡೋರ್, ಬ್ರಿತ್ತೋನೆಸ್ ಜನ 'ಬ್ರೂತಿ', ಅಂದರೆ ಪಶುಪ್ರಾಯರು ಆದ್ದರಿಂದ ಆ ಹೆಸರು ಬಂತೆಂಬ ಕೆಲವರ ಶಂಕೆಯನ್ನು ದಾಖಲಿಸಿದ್ದಾನೆ. ಒಂಬತ್ತನೆಯ ಶತಮಾನದ ಬ್ರಿಟನ್ನರ ಚರಿತ್ರೆಯೊಂದು ಅದೇ ಧ್ವನಿಸಾಮ್ಯವನ್ನು ಹಿಡಿದು ಬ್ರೂಟಸ್ ಎಂಬ ಮೂಲಪುರುಷನನ್ನು ಟ್ರಾಯ್ ನಗರದ ವಂಶದಿಂದ ಇಳಿಸಿ ತಂದಿತು. ಒಂದೇ ಧ್ವನಿ ಒಬ್ಬರಿಗೆ ನಿಂದೆಯಾಯಿತು, ಇನ್ನೊಬ್ಬರಿಗೆ ವಂಶಗೌರವವಾಯಿತು.

ಮಲೆನಾಡಿನ ಹುಡುಗಿ

ಪಕ್ಕದ ದ್ವೀಪವಾದ ಐರ್ಲೆಂಡಿಗೆ ರೋಮನ್ನರು ಏನೆನ್ನುತ್ತಿದ್ದರು?

ಶಾಸನಾಸಕ್ತೆ

ಹಿಬೆರ್ನಿಯಾ ಎನ್ನುತ್ತಿದ್ದರು, ಅದು ಕಿವಿ ತಪ್ಪಿ ಕೇಳಿಸಿಕೊಂಡದ್ದರ ಒಳ್ಳೆಯ ಉದಾಹರಣೆ. ದ್ವೀಪದ ಸ್ಥಳೀಯ ಹೆಸರು ಇಂದಿನ 'ಏರೆ' ಎಂಬುದರ ಪೂರ್ವರೂಪ. ಗ್ರೀಕರು ಅದನ್ನು ಇಯೆರ್ನೆ ಎಂದೂ, ಎರಡನೆಯ ಶತಮಾನದ ಟಾಲೆಮಿ ತನ್ನ ಭೂಗೋಳದ ಗ್ರಂಥದಲ್ಲಿ ಇಯೂವೆರ್ನಿಯಾ ಎಂದೂ ಬರೆದರು. ಲ್ಯಾಟಿನ್ ಕಿವಿಗೆ ಅದು 'ಹಿಬೆರ್ನುಸ್' ಎಂಬ ತಮ್ಮದೇ ಪದದಂತೆ ಕೇಳಿಸಿತು. ಹಿಬೆರ್ನುಸ್ ಎಂದರೆ ಚಳಿಗಾಲದ್ದು. ಸಂಸ್ಕೃತದ ಹಿಮ, ಹೇಮಂತ ಎಂಬ ಪದಗಳು ಅದರ ದೂರದ ದಾಯಾದಿಗಳು. ಹೀಗೆ ಹಿಮಕ್ಕೆ ಯಾವ ಸಂಬಂಧವೂ ಇಲ್ಲದ ಹೆಸರು ಚಳಿನಾಡೆಂಬ ಅರ್ಥವನ್ನು ಹೊತ್ತುಕೊಂಡಿತು.

ಇಲ್ಲಿ ನಮಗೆ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕು. ಗ್ರೀಕ್ ಬರಹದಲ್ಲಿ ಆಗ 'ವ'ಕಾರಕ್ಕೆ ಬೇರೆ ಅಕ್ಷರವಿರಲಿಲ್ಲ, 'ಊ'ಕಾರದ ಜೋಡಿ ಅಕ್ಷರಗಳಿಂದ ಅದನ್ನು ಸೂಚಿಸುತ್ತಿದ್ದರು. ಇಯೂವೆರ್ನಿಯಾದಲ್ಲಿ ಟಾಲೆಮಿ ಮಾಡಿದ್ದು ಅದನ್ನೇ. ಅದೇ ಗ್ರಂಥದ ಭಾರತದ ಭಾಗದಲ್ಲಿ ನಮ್ಮ ಬನವಾಸಿಯನ್ನು 'ಬನಊಆಸೆಯ್' ಎಂಬಂತೆ ಬರೆದಿರುವುದೂ ಅದೇ ಉಪಾಯದಿಂದ. ಐರ್ಲೆಂಡಿನ ಹೆಸರನ್ನೂ ಬನವಾಸಿಯ ಹೆಸರನ್ನೂ ಒಬ್ಬನೇ ಮನುಷ್ಯ ಒಂದೇ ತೊಡಕಿನಿಂದ ಒಂದೇ ರೀತಿ ಬರೆದುಕೊಂಡಿದ್ದಾನೆ.

ಹಳಗನ್ನಡ ಓದುಗ

ಬನವಾಸಿಯ ಈ ಉಲ್ಲೇಖ ಬಹಳ ಸಂತೋಷ ಕೊಟ್ಟಿತು.

ಗದಗಿನವ

ಮೂಲ ಪ್ರಶ್ನೆಗೆ ಮರಳೋಣ. 'ಆಂಗ್ಲರು' ಎಂಬುದು ತಪ್ಪೆಂದು ನಾನೂ ಒಪ್ಪುತ್ತೇನೆ, ಆದರೆ 'ಬ್ರಿಟಿಷರು' ಎಂಬುದರಲ್ಲಿ ದೋಷವೇನು? ಇಂಗ್ಲಿಷಿನಲ್ಲಿಯೂ ಆ ಪದ ಬಹುಕಾಲ ಪ್ರಾಚೀನ ಬ್ರಿಟನ್ನರಿಗೇ ಸಲ್ಲುತ್ತಿತ್ತು. ಹೆಸರುಗಳು ಹಿಗ್ಗುತ್ತವೆ, ಅದು ಸ್ವಭಾವ. ಅಯೋನಿಯಾದ ಗ್ರೀಕರಿಂದ ಬಂದ 'ಯವನ' ಎಂಬುದು ನಮ್ಮಲ್ಲಿ ಮೊದಲು ಎಲ್ಲ ಗ್ರೀಕರಿಗೆ, ಆಮೇಲೆ ಪಶ್ಚಿಮದಿಂದ ಬಂದ ಇತರರಿಗೂ ಸಂದಿತು. ಫ್ರಾಂಕ್ ಜನರ ಹೆಸರಿನಿಂದ ಬಂದ 'ಪರಂಗಿ' ಪೋರ್ಚುಗೀಸರಿಗೂ ಇಂಗ್ಲಿಷರಿಗೂ ಸಂದಿತು. ಬ್ರಿಟಿಷರು ಎಂಬುದನ್ನು ಮಾತ್ರ ಏಕೆ ಕಟ್ಟಿಹಾಕಬೇಕು?

ಕಾರ್ಡಿಫ್ ಕನ್ನಡಿಗ

ಏಕೆಂದರೆ ಕನ್ನಡದ ಓದುಗನಿಗೆ 'ಬ್ರಿಟಿಷರು' ಎಂದ ಕೂಡಲೇ ಕಣ್ಣ ಮುಂದೆ ಬರುವುದು ಟಿಪ್ಪುವಿನ ಎದುರು ನಿಂತವರು, ಕಿತ್ತೂರಿಗೆ ಮುತ್ತಿಗೆ ಹಾಕಿದವರು. ಸೀಸರ್ ಎದುರಿಸಿದ ಜನ ಅವರಲ್ಲ. ಆ ಜನರ ಭಾಷೆ ಇಂಗ್ಲಿಷಿನ ಪೂರ್ವಜನೂ ಅಲ್ಲ. ಅದು ವೆಲ್ಷ್, ಕಾರ್ನಿಷ್, ಬ್ರೆಟನ್ ಭಾಷೆಗಳ ತಾಯಿ. ಆಂಗ್ಲರಾದರೋ ಆಗ ದ್ವೀಪದಲ್ಲಿ ಇರಲೇ ಇಲ್ಲ. ಕ್ರಿ.ಶ. 98ರ ಸುಮಾರಿಗೆ ಜರ್ಮನಿಯ ಬಗ್ಗೆ ಬರೆದ ರೋಮನ್ ಚರಿತ್ರೆಕಾರ ಟ್ಯಾಸಿಟಸ್ 'ಆಂಗ್ಲಿ' ಜನರನ್ನು ಅಲ್ಲಿನ ಬುಡಕಟ್ಟುಗಳ ನಡುವೆ ಎಣಿಸುತ್ತಾನೆ. ಅವರು ಕಡಲು ದಾಟಿ ಬಂದದ್ದು ಐದನೆಯ ಶತಮಾನದಲ್ಲಿ. ಬಂದವರು ನೆಲದ ಮೂಲದವರನ್ನೇ 'ವೆಲ್ಷ್' ಎಂದರು. ಅದರ ಮೂಲಾರ್ಥ 'ಪರಕೀಯರು'.

ಆ ಮೂಲದವರು ಆಮೇಲೆ ತಮ್ಮನ್ನು ಕರೆದುಕೊಂಡದ್ದು 'ಕಮ್ರಿ' ಎಂದು. ಅದರ ಹಳೆಯ ರೂಪ 'ಕೊಂಬ್ರೊಗಿ', ಅರ್ಥ 'ಒಂದೇ ನಾಡಿನವರು'. ತಮ್ಮ ನೆಲದಲ್ಲಿಯೇ ಪರಕೀಯರೆನಿಸಿಕೊಂಡ ಜನ ತಮ್ಮ ತಮ್ಮೊಳಗೆ 'ಒಂದೇ ನಾಡಿನವರು' ಎಂದು ಹೇಳಿಕೊಂಡರು. ಇಷ್ಟನ್ನು ತಿಳಿದ ಮೇಲೆ ಅವರನ್ನು ಆಂಗ್ಲರೆಂದು ಬರೆಯಲು ನನಗೆ ಕೈ ಬರುವುದಿಲ್ಲ. ಅವರ ಒಂದು ಗುಂಪು ಕಡಲು ದಾಟಿ ಇಂದಿನ ಫ್ರಾನ್ಸಿನ ವಾಯವ್ಯಕ್ಕೆ ಹೋಗಿ ನೆಲೆಸಿತು, ಆ ಸೀಮೆಗೂ ಬ್ರಿತನ್ನಿಯಾ 'ಮಿನೋರ್' ಅಂದರೆ ಚಿಕ್ಕ ಬ್ರಿತನ್ನಿಯಾ ಎಂಬ ಹೆಸರಾಯಿತು. ಅದರಿಂದ ಬೇರ್ಪಡಿಸಲೆಂದೇ ದ್ವೀಪವು 'ದೊಡ್ಡ' ಬ್ರಿಟನ್ ಎನಿಸಿತು. 'ಗ್ರೇಟ್' ಎಂಬುದನ್ನು ನಮ್ಮ ಕೆಲವು ಪುಸ್ತಕಗಳು 'ಮಹಾನ್' ಎಂದು ಅನುವಾದಿಸಿರುವುದು ಸರಿಯಲ್ಲ. ಅದು ಬರಿಯ ಅಳತೆಯ ಮಾತು.

ಗದಗಿನವ

ಟಿಪ್ಪು ಮತ್ತು ಕಿತ್ತೂರಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. 'ಬ್ರಿಟಿಷರು' ಬಿಡೋಣ. ಆದರೆ 'ತ'ಕಾರದ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ.

ಶಾಸನಾಸಕ್ತೆ

ಶಾಲೆಯ ಬರಹಕ್ಕೆ 'ಬ್ರಿಟನ್ನರು' ಎಂದು ಬಳಸಲು ನನ್ನ ಒಪ್ಪಿಗೆಯಿದೆ. ಲ್ಯಾಟಿನ್ ಪದವನ್ನೇ ಉದ್ಧರಿಸುವಾಗ ಮಾತ್ರ 'ತ' ಇರಲಿ. ಇನ್ನೊಂದು ತಿದ್ದುಪಡಿ ನನ್ನದೇ ಮಾತಿಗೆ: ನಾಡಿನ ಹೆಸರಿನಲ್ಲಿಯೂ ಎರಡು 'ತ' ಬರುವುದುಂಟು. 731ರಲ್ಲಿ ಮುಗಿದ, ಬೀಡ್ ಎಂಬ ಇಂಗ್ಲಿಷ್ ಸಂನ್ಯಾಸಿಯ ಚರಿತ್ರೆಯ ಹಳೆಯ ಹಸ್ತಪ್ರತಿಗಳಲ್ಲಿ ಆ ಪದ 'ಬ್ರಿತ್ತಾನಿಯಾ' ಎಂದಾಗಿದೆ. ಜನರ ಹೆಸರಿನ ದ್ವಿತ್ವ ನಾಡಿನ ಹೆಸರಿಗೂ ತಗಲಿಕೊಂಡಿತು.

ಕುಂದಾಪುರದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಗೋಡೆಪತ್ರಿಕೆಯ ಹೊಸ ಕರಡು ಹೀಗಿದೆ, ದಯವಿಟ್ಟು ನೋಡಿ:

"ಕ್ರಿ.ಪೂ. 55ರಲ್ಲಿ ಸೀಸರನು ಕಡಲು ದಾಟಿ ಬ್ರಿಟನ್ನರ ಮೇಲೆ ದಂಡೆತ್ತಿ ಹೋದನು. ರೋಮನ್ನರು ಅವರನ್ನು ಬ್ರಿತನ್ನಿ ಎಂದೂ ಬ್ರಿತ್ತೋನೆಸ್ ಎಂದೂ ಕರೆದರು, ಅವರ ನಾಡನ್ನು ಬ್ರಿತನ್ನಿಯಾ ಎಂದರು. ಆದರೆ ಈ ಹೆಸರು ರೋಮನ್ನರಿಗಿಂತ ಹಳೆಯದು. ಬ್ರಿಟಿಷರು ತಮ್ಮ ದ್ವೀಪವನ್ನು ಅಲ್ಬಿಯೋನ್ ಎಂದೂ ಕರೆಯುತ್ತಿದ್ದರು. ಇಂದಿನ ವೇಲ್ಸ್ ದೇಶದ ವೆಲ್ಷ್ ಭಾಷೆ ಅವರ ಭಾಷೆಯಿಂದ ಬಂದದ್ದು."

ಪಕ್ಕದಲ್ಲಿ ಅಜ್ಜಿಯ ಪವನಿನ ಚಿತ್ರವನ್ನು ದೊಡ್ಡದಾಗಿ ಬಿಡಿಸಿ, ಎರಡು 'ಟಿ'ಯ ಕಾರಣವನ್ನು ಕೆಳಗೆ ಬರೆಯುವಂತೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳಿದ್ದೇನೆ.

ತುಮಕೂರು ವಕೀಲ

ನಾಲ್ಕನೆಯ ವಾಕ್ಯದಲ್ಲಿ 'ಬ್ರಿಟಿಷರು' ಎಂಬುದು ಹಾಗೆಯೇ ಉಳಿದಿದೆ, ಮೇಷ್ಟ್ರೇ.

ಕುಂದಾಪುರದ ಮೇಷ್ಟ್ರು

ತಿದ್ದಿದ್ದೇನೆ. ಅಲ್ಲಿ ಈಗ 'ಬ್ರಿಟನ್ನರು' ಎಂದಿದೆ.